ನಮ್ಮ ಗಾಡಿಯ ಬೆಳಗಿನ ಉಬ್ಬಸ

ಪೂರ್ತಿ ಕೆಟ್ಟುಹೋದ ವಸ್ತುಗಳ ಬಗ್ಗೆ ನನಗೆ ಬಹಳ ಗೌರವ. ಅವು ಮನುಷ್ಯನನ್ನು ಸತಾಯಿಸುವುದಿಲ್ಲ. ಮಿಕ್ಸಿ ಸುಟ್ಟ ವಾಸನೆ ಬಂತೆಂದರೆ ಖಲಾಸ್, ಹೊಸದನ್ನು ತಂದರಾಯಿತು. ನನಗೆ ಹೆದರಿಕೆ ಇರುವುದು ಮನಸ್ಸು ಬಂದಾಗ ಮಾತ್ರ ಕೆಡುವ ವಸ್ತುಗಳ ಬಗ್ಗೆ. ನಮ್ಮ ಆಫೀಸಿನಲ್ಲೊಂದು ಪ್ರಿಂಟರ್ ಇದೆ. ಹಡಗು ಬಂದರಿಗೆ ಬರುವ ದಿನವೇ ಅದರ ಗಂಟಲಲ್ಲಿ ಕಾಗದ ಸಿಕ್ಕಿಕೊಳ್ಳುತ್ತದೆ. ರಿಪೇರಿಯವನು ಬಂದು ಎದುರು ನಿಂತನೋ, ಎಂಥ ಒಳ್ಳೆಯ ಪ್ರಿಂಟರ್ ಎಂದು ಅವನೇ ಹೊಗಳುವ ಹಾಗೆ ಕೆಲಸ ಮಾಡುತ್ತದೆ. ನನ್ನ ದೊಡ್ಡಮ್ಮನ ಸೊಂಟನೋವು ಕೂಡ ಇದೇ ಜಾತಿಯದು. ಡಾಕ್ಟರು ಬಗ್ಗಿ ಎಂದರೆ ಬಗ್ಗುವರು, ಏಳಿ ಎಂದರೆ ಏಳುವರು. ಮನೆಗೆ ಬಂದು ಸೌತೆಕಾಯಿ ಹೆಚ್ಚಲು ಕೂತ ಮೇಲೆಯೇ ನರಳಾಟ ಶುರು. ಡಾಕ್ಟರರ ಎದುರು ಅವರನ್ನು ಸುಳ್ಳುಗಾರ್ತಿ ಮಾಡಿದ ಆ ಸೊಂಟದ ಮೇಲೆ ದೊಡ್ಡಮ್ಮನಿಗೆ ನೋವಿಗಿಂತ ಹೆಚ್ಚು ಸಿಟ್ಟಿತ್ತು. ಆ ಸಿಟ್ಟು ಎಂಥದ್ದೆಂದು ನನಗೆ ಅರ್ಥವಾದದ್ದು ಹೋದ ವರ್ಷ, ನನ್ನ ಗಾಡಿಗೆ ಅದೇ ಕಾಯಿಲೆ ಬಂದಾಗ.

ನಾನು ಇರುವುದು ದೋಹಾದ ಪಕ್ಕದ ವಕ್ರಾದಲ್ಲಿ. ಕೆಲಸ ಹಮದ್ ಬಂದರಿನ ಹತ್ತಿರ, ಕಂಟೇನರುಗಳ ಕಾಗದಪತ್ರ ನೋಡುವ ಒಂದು ಕಂಪೆನಿಯಲ್ಲಿ. ಗಾಡಿ ಬಿಳಿ ಬಣ್ಣದ ಜಪಾನಿ ಕಾರು. ಊರಿಗೆ ಶಾಶ್ವತವಾಗಿ ಹೊರಟ ಗೆಳೆಯನೊಬ್ಬನಿಂದ ನನಗೆ ಬಂದದ್ದು. ನನಗೆ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಹೆಂಡತಿ ಶೈಲಾ ಅದನ್ನು ‘ನಿಮ್ಮ ಅಜ್ಜ’ ಎಂದೇ ಕರೆಯುತ್ತಾಳೆ. ನಾನು ಮಾತ್ರ ಅದನ್ನು ಯಾರ ಎದುರೂ ಬಿಟ್ಟುಕೊಟ್ಟವನಲ್ಲ. ಹೊಸ ಗಾಡಿಗಳೆಲ್ಲ ಬರೀ ಪ್ಲಾಸ್ಟಿಕ್ಕು, ಇದು ಕಬ್ಬಿಣ ಎಂದು ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಭಾಷಣ ಕೇಳಿದವರು ತಮ್ಮ ಪ್ಲಾಸ್ಟಿಕ್ಕಿನಲ್ಲಿ ತಣ್ಣಗೆ ಕೂತು ಹೋಗುತ್ತಿದ್ದರು, ಅದು ಬೇರೆ ವಿಷಯ.

ಹೋದ ವರ್ಷ ಶೈಲಾಳಿಗೆ ದಿನ ತುಂಬುತ್ತಿತ್ತು. ಮದುವೆಯಾಗಿ ಬಹಳ ವರ್ಷ ಕಾದು, ಇನ್ನು ಸಾಕು ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಮೇಲೆ ಬಂದ ಬಸಿರು ಅದು. ಹಾಗಾಗಿ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಒಂದು ತೂಕ ಹೆಚ್ಚಿತ್ತು. ಅವಳು ಕೆಮ್ಮಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಬಾಣಂತನಕ್ಕೆಂದು ಊರಿಂದ ಅತ್ತೆಯವರು ಬಂದರು, ಕಾರ್ಕಳದ ಕಡೆಯವರು. ಅವರ ಪೆಟ್ಟಿಗೆಯಲ್ಲಿ ಕಷಾಯದ ಪುಡಿ, ಒಣಸಿಗಡಿ, ಕೊಬ್ಬರಿ ಎಣ್ಣೆಗಳ ಜೊತೆಗೆ ಒಂದು ದೊಡ್ಡ ಬಟ್ಟೆಗಂಟು ಇತ್ತು. ಹುಟ್ಟುವ ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ, ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯೇ ಆಗಬೇಕೆಂಬುದು ನಮ್ಮ ಕಡೆಯ ಕ್ರಮ. ಗಂಟಿನಲ್ಲಿ ಮಾವನವರ ಪಂಚೆಗಳಿದ್ದವು. ಸಾಲದ್ದಕ್ಕೆ ಅತ್ತೆಯವರು ನನ್ನ ಕಪಾಟಿಗೂ ಕೈಹಾಕಿ, ಹಸಿರು ಅಂಚಿನ ನನ್ನ ಮದುವೆಯ ಪಂಚೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಪಕ್ವವಾಗಿದೆ ಎಂದು ಎತ್ತಿಟ್ಟುಕೊಂಡರು.

ಅತ್ತೆಯವರು ಬಂದ ಮರುದಿನ ನಮ್ಮ ಮನೆಯ ನಲ್ಲಿಗಳೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡವು. ಊರಿನ ಮನೆಯಲ್ಲಿ ನಲ್ಲಿಗೆ ಬಟ್ಟೆ ಕಟ್ಟದೆ ನೀರು ಹಿಡಿಯುವುದೆಂದರೆ ಸೋಸದೆ ಚಹಾ ಕುಡಿದಷ್ಟೇ ಅಸಹ್ಯ. ಪಂಚೆಯ ತುಂಡನ್ನು ಎರಡು ಪದರ ಮಡಚಿ, ಅದರ ಅಂಚಿನಿಂದಲೇ ಹರಿದ ದಾರದಲ್ಲಿ ಒಂದು ಗಂಟು ಹಾಕುತ್ತಾರೆ. ಆ ಗಂಟನ್ನು ಬಿಚ್ಚಲು ಅವರೇ ಬೇಕು. ಇಲ್ಲಿಯ ನೀರು ಯಂತ್ರದಲ್ಲಿ ಶುದ್ಧವಾಗಿ ಬರುವಂಥದ್ದು ಎಂದು ನಾನು ವಿವರಿಸಿದೆ. ಹೌದಾ ಎಂದು ಕೇಳಿಸಿಕೊಂಡು ಬಚ್ಚಲಿನ ನಲ್ಲಿಗೂ ಕಟ್ಟಿದರು. ಎರಡು ದಿನ ಬಿಟ್ಟು, ಮಲಗುವ ಕೋಣೆಯ ಏಸಿಯ ಬಾಯಿಯಲ್ಲೂ ಒಂದು ತುಂಡು ಬಟ್ಟೆ ನಲಿದಾಡುತ್ತಿತ್ತು. ಬಸುರಿ ಹೆಂಗಸು ಮರಳಿನ ಗಾಳಿ ಕುಡಿಯಬಾರದಂತೆ. ಶೈಲಾ ನನಗೆ ಕಣ್ಣಲ್ಲೇ ಸುಮ್ಮನಿರಲು ಹೇಳಿದಳು.

ಅದಾಗಿ ಒಂದು ಶುಕ್ರವಾರ ರಜೆಯ ದಿನ, ಕೆಳಗೆ ಪಾರ್ಕಿಂಗಿನಲ್ಲಿ ಗಾಡಿಯ ಏರ್ ಫಿಲ್ಟರನ್ನು ನಾನೇ ಬದಲಿಸಲು ಹೊರಟೆ. ಗಾಡಿಗೆ ಸಂಬಂಧಿಸಿದಂತೆ ನನಗೆ ಸ್ವಂತವಾಗಿ ಬರುವ ಕೆಲಸ ಅದೊಂದೇ. ಹಾಗಾಗಿ ಅದನ್ನು ನೋಡಲು ಒಬ್ಬರಾದರೂ ಇರಬೇಕೆಂಬ ಆಸೆ. ಅತ್ತೆಯವರು ಕಸ ಹಾಕಲು ಕೆಳಗೆ ಬಂದವರು ನಿಂತರು. ಹಳೆಯ ಫಿಲ್ಟರನ್ನು ಹೊರಗೆ ತೆಗೆದಾಗ ಅದು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ಅತ್ತೆ ಬೆಚ್ಚಿಬಿದ್ದರು. “ಇಷ್ಟು ಕೊಳಕು ಗಾಳಿ ಅದು ತೆಕ್ಕೊಳ್ಳುದಾ? ಅದರ ಬಾಯಿ ಎಲ್ಲಿ ಉಂಟು?” ಎಂದು ಕೇಳಿದರು. ಪ್ರಶ್ನೆ ಕೇಳುವ ಒಬ್ಬರು ಸಿಕ್ಕಿದ ಖುಷಿಯಲ್ಲಿ ನಾನು ಎಂಜಿನ್ನಿನ ಉಸಿರಾಟದ ಬಗ್ಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಎಡಗಡೆಯ ಲೈಟಿನ ಹಿಂದೆ, ಕೈ ಬಗ್ಗಿಸಿ ತೂರಿಸಿದರೆ ಮಾತ್ರ ಸಿಗುವ ಕೊಳವೆಯ ಬಾಯಿಯನ್ನೂ ಮುಟ್ಟಿಸಿ ತೋರಿಸಿದೆ. ಅವರು ಬಳೆಯ ಕೈಯನ್ನು ಒಳಗೆ ಹಾಕಿ ಕೊಳವೆಯ ಸುತ್ತಳತೆ ನೋಡಿ ತಲೆ ಅಲ್ಲಾಡಿಸಿದರು. ನನ್ನ ವಿವರಣೆ ಅವರಿಗೆ ಚೆನ್ನಾಗಿ ಅರ್ಥವಾಯಿತೆಂದು ನನಗೆ ಹೆಮ್ಮೆಯಾಯಿತು. ಆಮೇಲೆ ಹೊಸ ಫಿಲ್ಟರ್ ಕೂರಿಸಿ, ವಾಚ್‌ಮನ್ನನ ಸ್ಕ್ರೂಡ್ರೈವರ್ ಹಿಂದಿರುಗಿಸಿ, ಅವನೊಡನೆ ಮಾತಾಡಿಕೊಂಡು, ಬಂದು ಬಾನೆಟ್ ಮುಚ್ಚಿದೆ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಇಲ್ಲಿಯ ಬೆವರಿನ ಕಾಲ ಬಂತು. ಬೆಳಗ್ಗೆ ಬಾಗಿಲು ತೆರೆದರೆ ಕನ್ನಡಕದ ಮೇಲೆ ಹಬೆ ಕೂರುತ್ತದೆ, ಗಾಡಿಯ ಗಾಜಿನಿಂದ ನೀರು ತೊಟ್ಟಿಕ್ಕುತ್ತದೆ. ಅಂಥದ್ದೊಂದು ಬೆಳಗ್ಗೆ ಬಂದರಿನ ರಸ್ತೆಯಲ್ಲಿ ಹೋಗುತ್ತಿದ್ದೆ. ಆ ರಸ್ತೆಯಲ್ಲಿ ಟ್ರೈಲರುಗಳದ್ದೇ ರಾಜ್ಯ. ಮುಂದಿನ ಟ್ರೈಲರನ್ನು ದಾಟಲೆಂದು ಪಕ್ಕದ ಸಾಲಿಗೆ ಬಂದು ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದೆ ಹೋಗಲಿಲ್ಲ. ಇನ್ನೂ ಒತ್ತಿದೆ. ಒಳಗಿನಿಂದ ಒಂದು ನಿಟ್ಟುಸಿರು ಬಂತು, ಅಷ್ಟೆ. ವೇಗ ಇಳಿಯುತ್ತಾ ಹೋಯಿತು. ಪಕ್ಕದಲ್ಲಿ ಟ್ರೈಲರಿನ ಚಕ್ರಗಳು ನನ್ನ ಕಿವಿಯ ಎತ್ತರಕ್ಕೆ ತಿರುಗುತ್ತಿದ್ದವು. ಹಿಂದೆ ಇನ್ನೊಂದು ದೊಡ್ಡ ಗಾಡಿ ಲೈಟು ಹೊಡೆಯುತ್ತಾ, ಹಾರ್ನು ಒತ್ತುತ್ತಾ ಹತ್ತಿರವಾಗುತ್ತಿತ್ತು. ಮುಂದೆ ಹೋಗಲು ಶಕ್ತಿ ಇಲ್ಲ, ಬದಿಗೆ ಸರಿಯಲು ಜಾಗ ಇಲ್ಲ. ಹೇಗೋ ಟ್ರೈಲರಿನವನು ಕನಿಕರಿಸಿ ನಿಧಾನ ಮಾಡಿದ. ನಾನು ರಸ್ತೆಯ ಅಂಚಿಗೆ ಬಂದು ನಿಂತಾಗ ಅಂಗಿ ಬೆನ್ನಿಗೆ ಅಂಟಿತ್ತು. ಎಂಜಿನ್ ಆರಿಸಿ, ದೇವರನ್ನು ನೆನೆದು ಮತ್ತೆ ಹೊತ್ತಿಸಿದೆ. ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು, ಆಮೇಲೆ ಸಣ್ಣ ವೇಗದಲ್ಲಿ ಆಫೀಸಿನ ತನಕ ಮರ್ಯಾದೆಯಿಂದ ಬಂತು. ಸಂಜೆ ಮನೆಗೆ ಬರುವಾಗ ಬಾಣದ ಹಾಗೆ ಹಾರಿತು.

ಮನೆಯಲ್ಲಿ ಹೇಳಲಿಲ್ಲ. ಆದರೆ ನಮ್ಮ ಮೇಲಿನ ಮಹಡಿಯ ಹಮೀದಾಕನಿಗೆ ಹೇಳಿದೆ. ಉಳ್ಳಾಲದ ಕಡೆಯ ಬ್ಯಾರಿ, ವಯಸ್ಸಿನಲ್ಲಿ ನನಗಿಂತ ಹಿರಿಯರು. ತಂದೆಯ ಕಾಲದಿಂದಲೂ ಇಲ್ಲೇ ಇರುವ ಮನೆತನ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರದ್ದು ಗಾಡಿಯ ಬಿಡಿಭಾಗಗಳ ಅಂಗಡಿ. ಎಂಜಿನ್ ಎಂದರೆ ಮನುಷ್ಯನ ಹಾಗೆ, ಒಂದೊಂದಾಗಿ ಬದಲಿಸುತ್ತಾ ಹೋದರೆ ಕಾಯಿಲೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ ಎಂಬುದು ಅವರ ಸಿದ್ಧಾಂತ. ಮನುಷ್ಯನಲ್ಲಿ ಹಾಗೆ ಬದಲಿಸುವುದಿಲ್ಲವಲ್ಲ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರ ಅಂಗಡಿಯ ಪಕ್ಕದಲ್ಲೇ ಬಾಬು ಎಂಬ ಮಲಯಾಳಿಯ ಗ್ಯಾರೇಜು. ಮೊದಲ ಸಲ ಸ್ಪಾರ್ಕ್ ಪ್ಲಗ್ ಬದಲಿಸಿದರು. ಎರಡನೆಯ ಸಲ ಪೆಟ್ರೋಲ್ ಪಂಪು. ಆಮೇಲೆ ಯಾವುದೋ ಒಂದು ಸೆನ್ಸರು. ಅದರ ಹೆಸರು ಹೇಳುವಾಗ ಹಮೀದಾಕ ದನಿ ತಗ್ಗಿಸಿದ್ದರಿಂದ ಅದು ಮುಖ್ಯ ಅಂಗವೇ ಇರಬೇಕೆಂದುಕೊಂಡೆ.

ನಾನು ಗ್ಯಾರೇಜಿಗೆ ಹೋಗುತ್ತಿದ್ದದ್ದು ಮಧ್ಯಾಹ್ನ, ಆಫೀಸಿನಿಂದ ಅನುಮತಿ ಪಡೆದು. ಉರಿಬಿಸಿಲಲ್ಲಿ ಗಾಡಿ ಅಷ್ಟು ಹೊತ್ತು ನಿಂತು ಕಾಯಬೇಕಿತ್ತು. ಸರದಿ ಬಂದಾಗ ಬಾಬು ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರಿನ ವಯರು ಚುಚ್ಚಿ, ಸಣ್ಣ ಪರದೆಯನ್ನು ನೋಡಿ, ಮಾಫಿ ಮುಶ್ಕಿಲ್ ಎನ್ನುತ್ತಿದ್ದ. ತೊಂದರೆಯೇ ಇಲ್ಲ. ಯಂತ್ರದಲ್ಲಿ ಒಂದೇ ಒಂದು ದೋಷವೂ ದಾಖಲಾಗಿಲ್ಲ. ಟ್ರಯಲ್ ನೋಡಲು ಹೊರಟರೆ, ಬಾಬು ಪಕ್ಕದಲ್ಲಿ ಕೂತಿರುವಾಗ ನನ್ನ ಗಾಡಿ ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ ನಡೆದುಕೊಳ್ಳುತ್ತಿತ್ತು. ಹಾರ್ನು ಕೂಡ ಮಧುರವಾಗಿ ಕೇಳುತ್ತಿತ್ತು. ಆಗ ಬಾಬು ನನ್ನ ಕಡೆ ಒಂದು ನೋಟ ಬೀರುತ್ತಿದ್ದ. ದೊಡ್ಡಮ್ಮನ ಕಡೆ ಡಾಕ್ಟರು ಬೀರುತ್ತಿದ್ದ ಅದೇ ನೋಟ. ನಿಜವಾಗಿ ಹೋಗುವುದಿಲ್ಲ ಮಾರಾಯ, ನಾನು ಯಾಕೆ ಸುಳ್ಳು ಹೇಳಲಿ ಎಂದು ನನಗೆ ಕೂಗಬೇಕೆನಿಸುತ್ತಿತ್ತು.

ಒಂದು ಸಮಾಧಾನ ಮಾತ್ರ ಇತ್ತು. ಪ್ರತಿ ಸಲವೂ ಬಾಬು ಏರ್ ಫಿಲ್ಟರಿನ ಡಬ್ಬಿ ತೆರೆದು ನೋಡುತ್ತಿದ್ದ. ಪ್ರತಿ ಸಲವೂ ಬೆರಗಾಗುತ್ತಿದ್ದ. ಈ ಮರಳಿನ ಊರಲ್ಲಿ ಇಷ್ಟು ಬೆಳ್ಳಗಿನ ಫಿಲ್ಟರ್ ತಾನು ನೋಡಿಲ್ಲ ಎಂದು ಪಕ್ಕದವರನ್ನೂ ಕರೆದು ತೋರಿಸಿದ. ಹಮೀದಾಕ ಕೂಡ ಬಂದು ನೋಡಿ, ಗಾಡಿ ಇಟ್ಟುಕೊಂಡರೆ ಹೀಗೆ ಇಟ್ಟುಕೊಳ್ಳಬೇಕು ಎಂದು ನನ್ನ ಬೆನ್ನು ತಟ್ಟಿದರು. ಕಾಯಿಲೆ ಗುಣವಾಗದೆ ಮನೆಗೆ ಬರುತ್ತಿದ್ದ ನನಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ ಮಾತು. ಊಟಕ್ಕೆ ಕೂತಾಗ, ಏನೇ ಹೇಳಿ, ನನ್ನ ಫಿಲ್ಟರನ್ನು ಮಾತ್ರ ಇಡೀ ಗ್ಯಾರೇಜೇ ಹೊಗಳಿತು ಎನ್ನುತ್ತಿದ್ದೆ. ಅತ್ತೆಯವರು ಸಂತೋಷದಿಂದ ನಕ್ಕು ನನ್ನ ಬಟ್ಟಲಿಗೆ ಇನ್ನೊಂದು ಬಂಗುಡೆ ಹಾಕುತ್ತಿದ್ದರು. ಅಳಿಯನ ಹೆಮ್ಮೆಯಲ್ಲಿ ಇಷ್ಟು ಮನಃಪೂರ್ವಕ ಪಾಲು ತೆಗೆದುಕೊಳ್ಳುವ ಅತ್ತೆ ಎಷ್ಟು ಜನರಿಗೆ ಸಿಗುತ್ತಾರೆ ಎಂದು ನಾನು ಮೀನಿನ ಮುಳ್ಳು ತೆಗೆಯುತ್ತಾ ಅಂದುಕೊಳ್ಳುತ್ತಿದ್ದೆ.

ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಪೆಟ್ರೋಲ್ ಬಂಕ್ ಬದಲಿಸು ಎಂದರು, ಬದಲಿಸಿದೆ. ಟ್ಯಾಂಕಿನಲ್ಲಿ ನೀರು ಸೇರಿದೆ ಎಂದರು. ಇನ್ನೊಬ್ಬರು, ನೀನು ಹೆಂಡತಿಯ ಚಿಂತೆಯಲ್ಲಿ ಆಕ್ಸಿಲರೇಟರ್ ಒತ್ತುವುದನ್ನೇ ಮರೆಯುತ್ತಿರಬಹುದು ಎಂದರು. ಸ್ವಲ್ಪ ದಿನ ಅದನ್ನೂ ನಂಬಿ ಕಾಲನ್ನೇ ನೋಡುತ್ತಾ ಗಾಡಿ ಓಡಿಸಿ, ಒಂದು ವೃತ್ತದಲ್ಲಿ ಎದುರಿನವನ ಬಾಗಿಲಿಗೆ ಮುತ್ತಿಡುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ. ಗಾಡಿ ತೊಂದರೆ ಕೊಡುವುದು ಬೆಳಗ್ಗೆ ಮಾತ್ರ ಎಂಬುದು ನನ್ನ ಗಮನಕ್ಕೂ ಬಂದಿತ್ತು. ಶುಕ್ರವಾರ ಒಮ್ಮೆಯೂ ಕೊಟ್ಟದ್ದಿಲ್ಲ. ಶುಕ್ರವಾರ ನಾವು ಹೊರಡುವುದೇ ಬಿಸಿಲೇರಿದ ಮೇಲೆ. ಇಷ್ಟು ಸುಳಿವು ಸಿಕ್ಕಿದ ಮೇಲೆ ಬುದ್ಧಿ ಇರುವ ಯಾರಾದರೂ ಯೋಚಿಸಬೇಕಿತ್ತು. ನಾನು ಯೋಚಿಸಿದೆ ಕೂಡ. ಗಾಡಿಗೂ ನನ್ನ ಹಾಗೆ ಆಫೀಸಿಗೆ ಹೋಗಲು ಮನಸ್ಸಿಲ್ಲ ಎಂಬ ತೀರ್ಮಾನಕ್ಕೆ ಬಂದೆ.

ಒಂದು ಬೆಳಗ್ಗೆ ಶೈಲಾಳನ್ನು ತಪಾಸಣೆಗೆ ಕರೆದುಕೊಂಡು ಹೋಗುವಾಗ ದೋಹಾಕ್ಕೆ ಸೇರುವ ಮೇಲ್ಸೇತುವೆಯಲ್ಲಿ ಅದು ಮತ್ತೆ ಆಯಿತು. ಏರಿನಲ್ಲಿ ಗಾಡಿ ಬಳಲಿ ಬಳಲಿ, ನಡೆದುಹೋಗುವವರ ವೇಗಕ್ಕೆ ಬಂತು. ಹಿಂದಿನಿಂದ ಹಾರ್ನುಗಳು. ಶೈಲಾ ಒಂದು ಕೈಯಲ್ಲಿ ಹೊಟ್ಟೆಯನ್ನೂ ಇನ್ನೊಂದರಲ್ಲಿ ಬಾಗಿಲಿನ ಹಿಡಿಯನ್ನೂ ಹಿಡಿದು ಕೂತಿದ್ದಳು. ಸೇತುವೆ ಇಳಿದ ಮೇಲೆ ಕೇಳಿದಳು, “ಇದು ಎಷ್ಟು ದಿನದಿಂದ?” ನಾನು ಇದ್ದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆ ದಿನ ಇದು ಹೀಗೆ ಮಾಡಿದ್ರೆ ನೀವು ಎಂತ ಮಾಡ್ತೀರಿ? ನನಗೆ ಇದರಲ್ಲಿ ಕೂತು ಹೋಗ್ಲಿಕ್ಕೆ ಹೆದರಿಕೆ ಆಗ್ತದೆ” ಎಂದಳು. ಇಷ್ಟು ವರ್ಷ ಕಾದು ಬಂದದ್ದನ್ನು ನಾನು ಒಂದು ಹಳೆಯ ಕಬ್ಬಿಣದ ಮೇಲಿನ ಜಂಬಕ್ಕಾಗಿ ಪಣಕ್ಕೆ ಇಡುತ್ತಿದ್ದೇನೆ ಎಂದು ನನಗೆ ಮೊದಲ ಸಲ ಹೊಳೆಯಿತು. ಅಂದೇ ಹಮೀದಾಕನ ಹತ್ತಿರ ಮಾತಾಡಿದೆ. ಆ ದಿನ ಬಂದಾಗ ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಬಿಡುವುದಾಗಿ ಅವರು ಮಾತು ಕೊಟ್ಟರು. ಹೆರಿಗೆ ಆದ ಮೇಲೆ ಗಾಡಿಯನ್ನು ಮಾರುವುದೆಂದೂ ಆಯಿತು.

ಆದರೆ ಮಕ್ಕಳು ಡಾಕ್ಟರು ಹೇಳಿದ ದಿನಕ್ಕೆ ಕಾಯುವುದಿಲ್ಲ. ಹಮೀದಾಕ ತಮ್ಮನ ಮಗಳ ಮದುವೆಗೆಂದು ಊರಿಗೆ ಹೋಗಿದ್ದ ವಾರವೇ, ಒಂದು ಮುಂಜಾನೆ ಅತ್ತೆಯವರು ನನ್ನ ಕೋಣೆಯ ಬಾಗಿಲು ತಟ್ಟಿ, ಶೈಲಾಳಿಗೆ ನೀರು ಹೋಗಿದೆ, ಹೊರಡಬೇಕು ಎಂದರು. ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡವೇ ಕಾಣಿಸುತ್ತಿರಲಿಲ್ಲ. ಆ ಕಾಲದಲ್ಲಿ ಇಲ್ಲಿ ಕೆಲವು ಬೆಳಗ್ಗೆ ಹಾಗೆ ಮಂಜು ಕವಿಯುತ್ತದೆ. ಟ್ಯಾಕ್ಸಿ ಬುಕ್ ಮಾಡಿದೆ. ಒಬ್ಬ ಡ್ರೈವರ್ ಬರುತ್ತೇನೆ ಎಂದ, ಆಮೇಲೆ ರದ್ದು ಮಾಡಿದ. ಇನ್ನೊಬ್ಬ ಒಪ್ಪಿಕೊಂಡ. ಅವನ ಗಾಡಿಯ ಚಿತ್ರ ಫೋನಿನಲ್ಲಿ ಒಂದೇ ಕಡೆ ನಿಂತು, ಕೊನೆಗೆ ಮಾಯವಾಯಿತು. ಆಂಬುಲೆನ್ಸಿಗೆ ಫೋನ್ ಮಾಡೋಣವೆಂದು ನಂಬರು ಒತ್ತುವಷ್ಟರಲ್ಲಿ, ಶೈಲಾ ಗೋಡೆ ಹಿಡಿದುಕೊಂಡು ಮೆಟ್ಟಿಲಿನ ಹತ್ತಿರ ಬಂದು ನಿಂತಿದ್ದಳು. “ಕಾಯ್ಲಿಕ್ಕೆ ಆಗುದಿಲ್ಲ. ನಿಮ್ಮ ಅಜ್ಜನನ್ನೇ ತೆಗೀರಿ” ಎಂದಳು.

ಆ ಮಂಜಿನಲ್ಲಿ ಗಾಡಿಯ ಮೈಯೆಲ್ಲ ನೀರು ಸುರಿಯುತ್ತಿತ್ತು. ಶೈಲಾ ಮತ್ತು ಅತ್ತೆ ಹಿಂದೆ ಕೂತರು. ಅತ್ತೆಯವರು ತೊಟ್ಟ ನೈಟಿಯ ಮೇಲೆ ಹೆಗಲಿಗೊಂದು ಮೈಯೊರೆಸುವ ಬೈರಾಸು ಹಾಕಿಕೊಂಡು, ಮಗುವಿನ ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಊರ ಕಡೆ ಹೆಂಗಸರು ಅವಸರಕ್ಕೆ ನೆರೆಮನೆಗೆ ಹೋಗುವ ಉಡುಪು ಅದು. ಹೆದ್ದಾರಿಗೆ ಬರುವ ತನಕ ಎಲ್ಲ ಸರಿಯಿತ್ತು. ನಾನು ಉಸಿರು ಬಿಗಿಹಿಡಿದು, ಒಂದು ತೂಕ ಹೆಚ್ಚು ಒತ್ತಿದರೆ ಅದಕ್ಕೆ ನೋವಾದೀತೆಂಬಂತೆ ಆಕ್ಸಿಲರೇಟರಿನ ಮೇಲೆ ಕಾಲಿಟ್ಟಿದ್ದೆ. ಮೇಲ್ಸೇತುವೆಯ ಬುಡಕ್ಕೆ ಬಂದಾಗ ಎಂಜಿನ್ನಿನಿಂದ ಆ ನಿಟ್ಟುಸಿರು ಬಂತು. ಒತ್ತಿದಷ್ಟೂ ಗಾಡಿ ಕುಗ್ಗಿತು. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಅದು ಯಾವತ್ತೂ ಸೋತದ್ದಿಲ್ಲ. ನಾಲ್ಕೂ ಲೈಟು ಮಿಣುಕಿಸುತ್ತಾ ಬದಿಗೆ ತಂದೆ. ಮಂಜಿನೊಳಗಿಂದ ಟ್ರೈಲರೊಂದು ಹಾರ್ನು ಬಾರಿಸುತ್ತಾ ನಮ್ಮನ್ನು ಅಲ್ಲಾಡಿಸಿ ಹೋಯಿತು. ಹಿಂದೆ ಶೈಲಾ ಹಲ್ಲುಕಚ್ಚಿ ನರಳಿದಳು. ಫೋನು ಎಲ್ಲಿದೆ ಎಂದು ಹುಡುಕಿದೆ, ಅದು ಕೈಯಲ್ಲೇ ಇತ್ತು.

“ಎಂತ ಆಗುದು ಅದಕ್ಕೆ?” ಅತ್ತೆ ಕೇಳಿದರು.

ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಉಪನ್ಯಾಸವೇ ಬಂತು. ಪೆಟ್ರೋಲ್ ಸರಿ ಇದೆ ಅತ್ತೆ, ಕಿಡಿ ಸರಿ ಇದೆ, ಎಲ್ಲ ಬದಲಿಸಿದ್ದೇವೆ, ಆದರೂ ಉಸಿರು ಕಟ್ಟಿದವರ ಹಾಗೆ ಮಾಡುತ್ತದೆ ಎಂದೆ.

“ಉಸಿರು ಕಟ್ಟುದಾದ್ರೆ ಬಟ್ಟೆ ತೊಳಿಲಿಕ್ಕೆ ಆಯ್ತು ಅಂತ” ಎಂದರು ಅತ್ತೆ.

“ಯಾವ ಬಟ್ಟೆ?”

“ಅದರ ಬಾಯಿಗೆ ಕಟ್ಟಿದ್ದು. ನೀವು ತೊಳಿಲಿಲ್ವಾ?”

ಶೈಲಾ ಆ ನೋವಿನಲ್ಲೂ ತಲೆ ಎತ್ತಿ ಅಮ್ಮನ ಮುಖ ನೋಡಿದಳು. ನಾನು ಇಳಿದು ಬಾನೆಟ್ ಎತ್ತಿ, ಎಡಗಡೆಯ ಲೈಟಿನ ಹಿಂದೆ ಕೈ ತೂರಿಸಿದೆ. ಕೊಳವೆಯ ಬಾಯಿಯಲ್ಲಿ ಒದ್ದೆಯಾದದ್ದೇನೋ ಬಿಗಿಯಾಗಿ ಅಂಟಿಕೊಂಡಿತ್ತು. ಎಳೆದೆ, ಬರಲಿಲ್ಲ. ಗಂಟು ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಅತ್ತೆಯವರು ಇಳಿದು ಬಂದು, ಸ್ವಲ್ಪ ಆಚೆ ನಿಲ್ಲಿ ಎಂದು ನನ್ನನ್ನು ಸರಿಸಿದರು. ಕತಾರಿನ ಹೆದ್ದಾರಿಯ ಬದಿಯಲ್ಲಿ, ನೈಟಿಯ ಮೇಲೆ ಬೈರಾಸು ಹೊದ್ದ ಒಬ್ಬ ಹೆಂಗಸು ಗಾಡಿಯ ಬಾಯಿಗೆ ಕೈ ಹಾಕಿ ನಿಂತದ್ದನ್ನು ಮಂಜು ಮುಚ್ಚಿಹಾಕಿತು, ಅದೊಂದು ಪುಣ್ಯ. ಎರಡು ಬೆರಳಿನಲ್ಲಿ ಏನೋ ಮಾಡಿದರು. ಬಟ್ಟೆ ಹೊರಗೆ ಬಂತು. ಮರಳು, ಧೂಳು, ಮಂಜಿನ ನೀರು ಎಲ್ಲ ಸೇರಿ ಅದು ಹಸಿಮಣ್ಣಿನ ಹಲಗೆಯಂತಾಗಿತ್ತು. ಬಿಸಿಲಿಗೆ ಒಣಗಿದಾಗ ಗಾಳಿ ಬಿಡುತ್ತಿದ್ದದ್ದು ಬೆಳಗಿನ ತೇವಕ್ಕೆ ಮುಚ್ಚಿಕೊಳ್ಳುತ್ತಿತ್ತು. ಒಂದು ತುದಿಯಲ್ಲಿ ಮಾತ್ರ ಹಸಿರು ಅಂಚು ಕಾಣುತ್ತಿತ್ತು. ನನ್ನ ಮದುವೆಯ ಪಂಚೆ. ಅದೂ ಎರಡು ಪದರ.

ನಾನು ಅದನ್ನು ಆಚೆ ಎಸೆಯುತ್ತಾರೆಂದುಕೊಂಡೆ. ಅತ್ತೆಯವರು ಅಲ್ಲೇ ನಿಂತು ಹಿಂಡಿದರು. ಕೆಸರುನೀರು ಸುರಿಯಿತು. ಒಮ್ಮೆ ಕೊಡವಿ, ಮಡಚಿ, ಒಗೆಯುವ ಬಟ್ಟೆಗೆ ಹಾಕಲೆಂದು ಹಿಡಿದುಕೊಂಡು ಹೋಗಿ ಮಗಳ ಪಕ್ಕ ಕೂತರು. ನಾನು ಗಾಡಿ ಹೊತ್ತಿಸಿ ಕಾಲೊತ್ತಿದೆ. ನನ್ನ ಅಜ್ಜ ಒಂದೇ ಉಸಿರಿಗೆ ಸೇತುವೆ ಹತ್ತಿದ. ನನ್ನ ಕಣ್ಣಲ್ಲಿ ನೀರು ಬಂತು. ನಗುವೋ ಅಳುವೋ ಎಂದು ತಿಳಿಯುವ ಮೊದಲೇ ಹಿಂದಿನಿಂದ ಶೈಲಾ, “ರಸ್ತೆ ನೋಡಿ” ಎಂದಳು.

ಆಸ್ಪತ್ರೆಯ ಬಾಗಿಲಿಗೆ ತಲುಪಿ, ಅವಳನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದ ಮೇಲೆ ನನಗೂ ಅತ್ತೆಗೂ ಹೊರಗೆ ಕೂರುವುದೊಂದೇ ಕೆಲಸ. ನಾನು ಕೇಳಿದೆ, ನನಗೆ ಒಂದು ಮಾತು ಯಾಕೆ ಹೇಳಲಿಲ್ಲವೆಂದು. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನಲ್ಲಿಗೆ ಕಟ್ಟಿದ್ದನ್ನು ಯಾರಾದರೂ ಹೇಳುತ್ತಾರಾ? ನಾನು ಆ ದಿನ ಬಾಯಿ ತೋರಿಸಿಕೊಟ್ಟದ್ದೇ ಕಟ್ಟಲಿಕ್ಕೆ ಎಂದು ಅವರು ತಿಳಿದಿದ್ದರು. ನಾನು ವಾಚ್‌ಮನ್ನನ ಹತ್ತಿರ ಮಾತಾಡಿ ಬರುವಷ್ಟರಲ್ಲಿ ಕಟ್ಟಿಯೂ ಆಗಿತ್ತು. ಗ್ಯಾರೇಜಿನವರು ಫಿಲ್ಟರನ್ನು ಹೊಗಳಿದರು ಎಂದು ದಿನಾ ನಾನೇ ಬಂದು ಹೇಳುತ್ತಿದ್ದೆ. ತಾನು ಕಟ್ಟಿದ್ದು ಎಲ್ಲರಿಗೂ ಮೆಚ್ಚುಗೆಯಾಯಿತಲ್ಲ ಎಂದು ಅವರಿಗೆ ಸಂತೋಷ. ನಾನು ತಿಂದ ಅಷ್ಟೂ ಬಂಗುಡೆಗಳು ನನಗೆ ಒಟ್ಟಿಗೆ ನೆನಪಾದವು. ಆಮೇಲೆ ಅತ್ತೆಯವರು ಸ್ವಲ್ಪ ಸಣ್ಣ ದನಿಯಲ್ಲಿ, “ಹುಡುಗಿಗೆ ಎಂತದಾದ್ರೂ ಆಗಿದ್ರೆ ನಾನೇ ಮಾಡಿದ ಹಾಗೆ ಆಗ್ತಿತ್ತಲ್ಲ” ಎಂದರು. ಬೈರಾಸಿನ ತುದಿಯಲ್ಲಿ ಕಣ್ಣೊರೆಸಿಕೊಂಡರು. ಅಲ್ಲಿಯ ತನಕ ನನ್ನೊಳಗೆ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಏನೂ ಆಗಲಿಲ್ಲವಲ್ಲ ಅತ್ತೆ ಎಂದು ಅವರ ಪಕ್ಕಕ್ಕೆ ಸರಿದು ಕೂತೆ. ಬಿಸಿಲೇರಿ ಮಂಜು ಕರಗುವ ಹೊತ್ತಿಗೆ ನರ್ಸು ಬಂದು ಹೆಣ್ಣು ಮಗು ಎಂದಳು. ಅದನ್ನು ನನ್ನ ಕೈಗೆ ಕೊಟ್ಟಾಗ, ಆಸ್ಪತ್ರೆಯ ಬಿಳಿ ಬಟ್ಟೆಯ ಮೇಲೆ ಅತ್ತೆಯವರು ಸುತ್ತಿದ್ದದ್ದು ಹಸಿರು ಅಂಚಿನ ಆ ಪಂಚೆಯ ಇನ್ನರ್ಧ. ನಾನು ಆ ಅಂಚನ್ನು ಮುಟ್ಟಿ ನೋಡಿದೆ, ಬಹಳ ಮೆತ್ತಗಿತ್ತು.

ಗಾಡಿ ಮಾರುವ ಮಾತನ್ನು ಶೈಲಾ ಮತ್ತೆ ಎತ್ತಲಿಲ್ಲ. ಊರಿಂದ ಬಂದ ಹಮೀದಾಕ ಕಥೆಯನ್ನೆಲ್ಲ ಕೇಳಿ, ಆದರೆ ಆ ಪೆಟ್ರೋಲ್ ಪಂಪು ಹೇಗೂ ಹಳೆಯದಾಗಿತ್ತು ಎಂದರು. ಬಾಣಂತನ ಮುಗಿಸಿ ಅತ್ತೆಯವರು ಊರಿಗೆ ಹೊರಟರು. ಅವರು ಅಲ್ಲಿ ಎಲ್ಲರಿಗೂ ಈ ಕಥೆ ಹೇಳುತ್ತಿದ್ದಾರೆಂದು ಕೇಳಿದ್ದೇನೆ. ಅವರು ಹೇಳುವ ಕಥೆಯಲ್ಲಿ ಗಾಡಿ ನಿಲ್ಲುವುದಿಲ್ಲ. ಅಳಿಯನ ಗಾಡಿಗೆ ತಾನು ಬಟ್ಟೆ ಕಟ್ಟಿದ್ದು, ಅದನ್ನು ನೋಡಿ ಗಲ್ಫಿನ ದೊಡ್ಡ ದೊಡ್ಡ ಮೆಕ್ಯಾನಿಕ್ಕುಗಳೆಲ್ಲ ಬೆರಗಾದದ್ದು, ಅಲ್ಲಿಗೆ ಕಥೆ ಮುಗಿಯುತ್ತದೆ. ಅದನ್ನು ಸುಳ್ಳೆನ್ನಲು ಬರುವುದಿಲ್ಲ. ಬೆರಗಾದದ್ದನ್ನು ಅವರಿಗೆ ವರದಿ ಮಾಡಿದವನೇ ನಾನು.

ಮೊನ್ನೆ ಸರ್ವಿಸಿಗೆ ಹೋಗಿದ್ದೆ. ಬಾಬು ಫಿಲ್ಟರಿನ ಡಬ್ಬಿ ತೆರೆದು ಮುಖ ಸಿಂಡರಿಸಿದ. ಒಳಗೆ ಬಾಣಲೆಯ ತಳ. ಮೊದಲು ಎಷ್ಟು ಚೆಂದ ಇಟ್ಟುಕೊಂಡಿದ್ದಿರಿ, ಮಗು ಬಂದ ಮೇಲೆ ಗಾಡಿಯ ಮೇಲೆ ಗಮನವೇ ಇಲ್ಲ ಎಂದು ಎಲ್ಲರ ಎದುರು ನನ್ನನ್ನು ತರಾಟೆಗೆ ತೆಗೆದುಕೊಂಡ. ತಲೆ ತಗ್ಗಿಸಿ ಮನೆಗೆ ಬಂದೆ. ಮಗಳ ಒದ್ದೆ ಬಟ್ಟೆಗಳನ್ನು ಬಕೆಟಿಗೆ ಹಾಕುತ್ತಿದ್ದಾಗ ಹಸಿರು ಅಂಚು ಕೈಗೆ ಸಿಕ್ಕಿತು. ಅದನ್ನೇ ನೋಡುತ್ತಾ ನಿಂತೆ. ಆಮೇಲೆ ಶೈಲಾಳಿಗೆ ಕೇಳಿಸದ ಹಾಗೆ ಬಾಲ್ಕನಿಗೆ ಹೋಗಿ ಅತ್ತೆಯವರಿಗೆ ಫೋನ್ ಮಾಡಿ, ಎರಡು ಪದರ ಬೇಡ, ಒಂದೇ ಪದರ ಕಟ್ಟಿದರೆ ಹೇಗೆ ಎಂದು ಕೇಳಿದೆ.

“ಕಟ್ಟುದು ದೊಡ್ಡದಲ್ಲ ಮಾರಾಯ್ರೆ, ನೆನಪಿಟ್ಟು ತೊಳಿಬೇಕಲ್ಲ” ಎಂದರು. “ನಿಮ್ಮ ಕೈಯಲ್ಲಿ ಅದು ಆಗ್ಲಿಕ್ಕಿಲ್ಲ. ಬೇಡ, ಬಿಡಿ.”